ಹಳೇ ಕಾರು ನೋಡಲು ಹೋದ ಭಾನುವಾರಗಳು

ಹಳೇ ಕಾರು ನೋಡಲು ಹೊರಟರೆ ಕಾರು ಸಿಗದಿದ್ದರೂ ನಗಲು ಏನಾದರೂ ಸಿಕ್ಕೇ ಸಿಗುತ್ತದೆ. ಪುಣೆಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇಥ್ ಮುಂದೆ ನಿಂತವನು ನಾನು. ನಿವೃತ್ತಿಗೆ ಇನ್ನೆರಡು ವರ್ಷ. ಆಮೇಲೆ ಒಂದು ಹಳೇ ಕಾರನ್ನು ಪೂರಾ ಬಿಚ್ಚಿ, ಕೈಯಾರೆ ಮತ್ತೆ ಓಡುವಂತೆ ಮಾಡಬೇಕೆಂಬ ಆಸೆ. ಆರಿಸಲು ಜೊತೆಗೆ ಬಂದವರು ಯೆರವಡಾದ ಗ್ಯಾರೇಜ್ ಮಿಸ್ತ್ರಿ, ಕಲಬುರಗಿ ಕಡೆಯವರು. ವಾರಕ್ಕೆ ಇದ್ದ ಒಂದೇ ರಜೆಯನ್ನೂ ನನಗೆ ಕೊಟ್ಟ ಪುಣ್ಯಾತ್ಮ.

"ಇಂಜಿನ್ ಕೆಟ್ಟಿದ್ರ ನಡೀತದ್ರಿ, ಬಾಡಿ ತುಕ್ಕು ಹಿಡಿದಿರಬಾರದು," ಎನ್ನುವುದು ಅವರ ಮೊದಲ ಪಾಠ.

೧. ಖಾಲಿ ಇಲ್ಲ

ಇಂದಾಪುರದ ಹತ್ತಿರ ಕಬ್ಬಿನ ಹೊಲದ ಬದಿಗೆ ಒಂದು ಕಾರು ನಿಂತಿತ್ತು. ಮಿಸ್ತ್ರಿ ಅದರ ಕೆಳಗೆ ತೂರಿ ನೋಡಿ, "ಬಾಡಿ ಗಟ್ಟಿ ಅದ," ಎಂದರು. ನಾನು ಖುಷಿಯಿಂದ ಹಿಂದಿನ ಬಾಗಿಲು ತೆಗೆದೆ. ಸೀಟಿನ ಮೇಲೆ ಕೋಳಿಯೊಂದು ಕಾವಿಗೆ ಕೂತಿತ್ತು. ನನ್ನನ್ನು ಗುರಾಯಿಸಿತು.

ಹೊಲದ ಮನೆಯೊಡತಿ ಓಡಿ ಬಂದು ಬಾಗಿಲು ಹಾಕಿ, ಮರಾಠಿಯಲ್ಲಿ ಹೇಳಿದರು: "ಅದು ಏಳೋತನಕ ಗಾಡಿ ಮಾರೋದಿಲ್ಲ. ಊಟ ಮಾಡಿಕೊಂಡು ಹೋಗಿ."

ಬಿಸಿ ಬಿಸಿ ಭಾಕ್ರಿ, ಅಂದರೆ ನಮ್ಮ ರೊಟ್ಟಿಯೇ, ಉಂಡೆವು. ತಿಂಗಳಾದ ಮೇಲೆ ಫೋನ್ ಮಾಡಿದೆ. ಮರಿಗಳೂ ಅಲ್ಲೇ ಮಲಗುತ್ತವಂತೆ.

೨. ಅಯಸ್ಕಾಂತ

ಊರೊಳಗಿನ ಬಂಗಲೆಯೊಂದರಲ್ಲಿ ಫಳಫಳ ಹೊಳೆಯುವ ಕಾರು. ಮಿಸ್ತ್ರಿ ಜೇಬಿನಿಂದ ಅಯಸ್ಕಾಂತ ತೆಗೆದು ಬಾಗಿಲಿಗೆ ಹಚ್ಚಿದರು. ಬಿತ್ತು. ಮಡ್‌ಗಾರ್ಡಿಗೆ ಹಚ್ಚಿದರು. ಬಿತ್ತು. ತುಕ್ಕು ತಿಂದ ಜಾಗಕ್ಕೆಲ್ಲ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರು.

"ನಿಮ್ಮ ಅಯಸ್ಕಾಂತ ಹಳೇದಾಗಿದೆ," ಎಂದರು ಮಾಲೀಕರು.

ಮಿಸ್ತ್ರಿ ಅದನ್ನು ಗೇಟಿಗೆ ಹಚ್ಚಿದರು. ಟಪ್ ಎಂದು ಅಂಟಿತು.

"ಕಾರು ಬ್ಯಾಡ್ರಿ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು, "ಗೇಟ್ ಕೊಡ್ತಾರೇನು ಕೇಳ್ರಿ."

೩. ಹಿಂದಿನ ಬಾಗಿಲು

ಕಡೆಗೆ ಜೇಜುರಿ ರಸ್ತೆಯ ಹಳೇ ಮನೆಯೊಂದರ ಶೆಡ್ಡಿನಲ್ಲಿ ಒಳ್ಳೆಯ ಕಾರು ಸಿಕ್ಕಿತು. ಇಂಜಿನ್ ಜಾಮ್ ಆಗಿದ್ದರೂ ಬಾಡಿಯ ಮೇಲೆ ಅಯಸ್ಕಾಂತ ಎಲ್ಲ ಕಡೆ ಅಂಟಿತು. ಆದರೆ ಅವತ್ತು ನನ್ನ ಹೆಂಡತಿಯೂ ಬಂದಿದ್ದಳು, ಈ ಹುಚ್ಚು ನಿಲ್ಲಿಸಬೇಕೆಂದೇ. ಅವಳು ಬೇಡ ಎಂದರೆ ಮುಗಿಯಿತು.

ಹಿಂದಿನ ಸೀಟು ನೋಡಲು ಹತ್ತಿ ಕೂತಳು. ಬಾಗಿಲು ಮುಚ್ಚಿತು, ಆಮೇಲೆ ತೆರೆಯಲಿಲ್ಲ. ಆಚೆಯ ಬಾಗಿಲಿಗೆ ಗೋಡೆ ಅಡ್ಡ. ಕಿಟಕಿ ಅರ್ಧಕ್ಕೇ ಇಳಿಯಿತು. ಮಿಸ್ತ್ರಿ ಹಿಡಿಕೆ ಬಿಚ್ಚತೊಡಗಿದರು.

ಕಾರಿನ ಒಡತಿ, ಎಪ್ಪತ್ತು ದಾಟಿದ ಅಜ್ಜಿ, ಕಿಟಕಿಯಿಂದ ಚಹಾ ಕೊಟ್ಟು, "ನಿಮ್ಮೂರು ಯಾವುದವ್ವಾ?" ಎಂದರು, ಅಚ್ಚ ಕನ್ನಡದಲ್ಲಿ. ಅವರ ತವರು ವಿಜಯಪುರ ಕಡೆ. ಒಳಗೊಬ್ಬಳು, ಹೊರಗೆ ಕುರ್ಚಿ ಹಾಕಿಕೊಂಡು ಇನ್ನೊಬ್ಬರು. ಶೇಂಗಾ ಹೋಳಿಗೆಯಿಂದ ಸೊಸೆಯಂದಿರತನಕ ಮಾತು ಹೋಯಿತು.

ಅರ್ಧ ಗಂಟೆಗೆ ಬಾಗಿಲು ತೆರೆಯಿತು. ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿ ನಿಂತೆ.

ಅವಳು ಕೆಳಗಿಳಿಯಲೇ ಇಲ್ಲ. "ಮೂವತ್ತು ವರ್ಷದಾಗ ಇಷ್ಟೊತ್ತು ಒಂದ ಕಡೆ ಸುಮ್ಮನ ಕೂಡಿಸಿ ಚಾ ಕೊಟ್ಟವ್ರು ಯಾರೂ ಇಲ್ಲ," ಎಂದಳು. "ತಗೋರಿ ಇದನ್ನ."

ನನಗೆ ಕಣ್ಣು ತುಂಬಿ ಬಂತು. ಅವಳಿಗೂ ಅಜ್ಜಿಗೂ ಕೈಮುಗಿಯಬೇಕೆನ್ನಿಸಿತು.

ಅವಳು ಮಿಸ್ತ್ರಿ ಕಡೆ ತಿರುಗಿದಳು. "ಅಣ್ಣಾರ, ಉಳಿದದ್ದೆಲ್ಲ ರಿಪೇರಿ ಮಾಡ್ರಿ. ಈ ಬಾಗಿಲಾ ಮಾತ್ರ ಹಿಂಗ ಇರಲಿ."