ಗಂಧದ ಬಣ್ಣದ ಪ್ಲಗ್ಗು

ಬಣ್ಣ ನೋಡಿ ತೀರ್ಪು ಕೊಡುವುದರಲ್ಲಿ ನನ್ನನ್ನು ಮೀರಿಸುವವರು ಇಡೀ ಕಾಗದನಗರದಲ್ಲಿ ಇರಲಿಲ್ಲ. ಈ ಮಾತನ್ನು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಬೇರೆ ಯಾರೂ ಹೇಳಲಿಲ್ಲ! ಭದ್ರಾವತಿಯ ಕಾಗದ ಕಾರ್ಖಾನೆಯ ಲ್ಯಾಬಿನಲ್ಲಿ ನನಗಿದ್ದದ್ದು ಒಂದೇ ಕೆಲಸ. ಹೊಸದಾಗಿ ಬಂದ ಕಾಗದದ ತುಂಡನ್ನು ಮಾದರಿ ತುಂಡಿನ ಪಕ್ಕದಲ್ಲಿಟ್ಟು, ಎರಡರ ಬಣ್ಣವೂ ಒಂದೇ ಎಂದು ರುಜು ಹಾಕುವುದು. ಹದಿನಾಲ್ಕು ವರ್ಷ ಹಾಕಿದ್ದೆ. ಬಿಳಿಯಲ್ಲಿ ಎಷ್ಟು ಬಗೆಯ ಬಿಳಿ ಇದೆ ಎಂದು ನನ್ನನ್ನು ಕೇಳಬೇಕು. ನನ್ನ ಹೆಂಡತಿ ಸರೋಜಾ ಮಾತ್ರ ಎಂದೂ ಕೇಳಲಿಲ್ಲ.

ಇಂಥ ನಾನು ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಹಳೆಯ ಕಾರು ಕೊಂಡೆ. ಬೆಳಿಗ್ಗೆ ಎಬ್ಬಿಸಿದರೆ ಕೆಮ್ಮುತ್ತಿತ್ತು, ಏರು ಬಂದರೆ ಬಿಕ್ಕಳಿಸುತ್ತಿತ್ತು, ಇಳಿಜಾರಿನಲ್ಲಿ ಮಾತ್ರ ಬಹಳ ಉತ್ಸಾಹ ತೋರಿಸುತ್ತಿತ್ತು. ಹಳೇನಗರದ ಸೇತುವೆಯ ಹತ್ತಿರ ಗ್ಯಾರೇಜು ಇಟ್ಟಿದ್ದ ಮಣಿ ಬಾನೆಟ್ಟಿನ ಒಳಗೆ ಒಂದು ಸಲ ಇಣುಕಿ ಹೇಳಿದ:

"ಪ್ಲಗ್ಗು ಬಿಚ್ಚಿ ಮೂತಿ ನೋಡು ಸಾರ್. ಗಂಧದ ಕಲರ್ ಇದ್ರೆ ಇಂಜಿನ್ ಸೂಪರ್, ಓಡಿಸ್ತಾ ಇರು. ಕರ್ರಗೆ ಮಸಿ ಕಟ್ಟಿದ್ರೆ ಮಾತಾಡ್ಬೇಡ, ಹೊಸದು ಹಾಕ್ಬಿಡು."

ಬಣ್ಣ! ನನ್ನ ಸ್ವಂತ ಕ್ಷೇತ್ರ! ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗು ಬದಲಾಯಿಸುವುದನ್ನು ಯಾರು ಬೇಕಾದರೂ ಮಾಡಬಹುದು, ಯಾವಾಗ ಬದಲಾಯಿಸಬೇಕು ಎಂದು ತಿಳಿಯುವುದೇ ವಿದ್ಯೆ ಎಂದು ನಾನು ಮನೆಗೆ ಬಂದು ಸಾರಿದೆ.

ಮುಂದಿನ ಎಂಟು ದಿನ ಬೆಳಿಗ್ಗೆ ನಾಲ್ಕು ಪ್ಲಗ್ಗು ಬಿಚ್ಚಿದೆ, ಬೆಳಕಿಗೆ ಹಿಡಿದೆ, ಮತ್ತೆ ಹಾಕಿದೆ. ಅವು ಕಪ್ಪೂ ಅಲ್ಲ, ಗಂಧವೂ ಅಲ್ಲ. ಹಳೆಯ ಬೆಲ್ಲದ ಬಣ್ಣ. ತೀರ್ಪು ಕೊಡಲಾಗದೆ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

"ರೀ, ನಾಲ್ಕು ಹೊಸದು ಹಾಕಿಸಿಬಿಡಿ. ತಲೆನೋವೇ ಇರಲ್ಲ" ಎಂದಳು ಸರೋಜಾ.

"ಮಾರಾಯ್ತಿ, ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರೆ. ಪರೀಕ್ಷೆ ನಡೀತಿದೆ."

"ಪರೀಕ್ಷೆ ನನಗಿದೆ ಕಣ್ರೀ, ಪ್ಲಗ್ಗಿಗಲ್ಲ."

ಅವಳ ಮಾತು ನಿಜ. ಬಿಎಸ್ಸಿ, ಬಿಎಡ್ ಮುಗಿಸಿ ಆರು ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದಳು. ಈಗ ಶಿವಮೊಗ್ಗದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಿಂದ ವಿಜ್ಞಾನ ಟೀಚರ್ ಕೆಲಸಕ್ಕೆ ಸಂದರ್ಶನದ ಪತ್ರ ಬಂದಿತ್ತು. ವಿಜಯದಶಮಿಯ ಮರುದಿನ, ಬೆಳಿಗ್ಗೆ ಹತ್ತೂವರೆಗೆ. ಪತ್ರವನ್ನು ಅವಳು ದೇವರ ಮುಂದೆ ಇಟ್ಟಿದ್ದಳು, ದಿನಕ್ಕೆ ಎರಡು ಸಲ ತೆಗೆದು ಓದುತ್ತಿದ್ದಳು. ಎಂಟು ಗಂಟೆಯ ಬಸ್ಸಿಗೆ ಹೋಗುತ್ತೇನೆ ಎಂದಳು. ನಾನು ಬಿಡಲಿಲ್ಲ.

"ಮನೆಯಲ್ಲಿ ಕಾರು ಇಟ್ಕೊಂಡು ಹೆಂಡ್ತೀನ ಬಸ್ಸಲ್ಲಿ ಕಳಿಸಿದ್ರೆ ನನ್ನ ಮಾನ ಏನಾಗಬೇಕು?"

"ನನಗೆ ಕೆಲಸ ಬೇಕು ರೀ. ನಿಮ್ಮ ಮಾನ ಸಂಜೆ ಬಂದು ನೋಡ್ಕೊಳ್ಳೋಣ" ಎಂದಳು. ಆದರೂ ಕೊನೆಗೆ ಒಪ್ಪಿದಳು. ಅಂಥ ಒಳ್ಳೆಯ ಹೆಂಗಸು.

ಆಯುಧ ಪೂಜೆಯ ಬೆಳಿಗ್ಗೆ ಇದಕ್ಕೊಂದು ಅಂತ್ಯ ಕಾಣಿಸಬೇಕೆಂದು ನಿರ್ಧರಿಸಿದೆ. ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ ಕಾಂಪೌಂಡಿನ ಮೇಲೆ ಸಾಲಾಗಿ ಇಟ್ಟೆ. ಆಗ ಲ್ಯಾಬಿನ ವಿಧಾನ ನೆನಪಾಯಿತು. ಮಾದರಿ ಇಲ್ಲದೆ ಹೋಲಿಕೆ ಹೇಗೆ? ದೇವರಮನೆಯಿಂದ ಸಾಣೆಕಲ್ಲು, ಗಂಧದ ಕೊರಡು ತಂದು ಗಟ್ಟಿಯಾಗಿ ಗಂಧ ತೇಯ್ದೆ.

"ಹಸಿ ಗಂಧದ ಬಣ್ಣಾನೋ, ಒಣಗಿದ್ದರ ಬಣ್ಣಾನೋ? ಮಣಿ ಹೇಳಿದ್ದು ಯಾವುದು?" ಎಂದು ಸರೋಜಾ ಒಳಗಿನಿಂದಲೇ ಕೇಳಿದಳು.

ಅದನ್ನು ನಾನು ಯೋಚಿಸಿರಲಿಲ್ಲ. ಒಂದು ಪ್ಲಗ್ಗಿನ ಮೂತಿಗೆ ದಪ್ಪಗೆ ಗಂಧ ಮೆತ್ತಿ, ಒಣಗಲು ಬಿಟ್ಟು, ಉಳಿದ ಮೂರನ್ನು ಅದರ ಜೊತೆ ಹೋಲಿಸುವುದೆಂದು ತೀರ್ಮಾನಿಸಿ ಸ್ನಾನಕ್ಕೆ ಹೋದೆ.

ಆಮೇಲೆ ನಡೆದದ್ದು ನನಗೆ ತಿಳಿದದ್ದು ಮೂರು ದಿನ ಕಳೆದ ಮೇಲೆ. ಓದುಗರನ್ನು ಅಷ್ಟು ಕಾಯಿಸುವುದಿಲ್ಲ. ಪಕ್ಕದ ಮನೆಯ ಸಿದ್ದಪ್ಪನವರು, ಉಕ್ಕಿನ ಕಾರ್ಖಾನೆಯ ಕುಲುಮೆಯ ಮುಂದೆ ದುಡಿದು ನಿವೃತ್ತರಾಗಿ ಮಗನ ಕ್ವಾರ್ಟರ್ಸಿನಲ್ಲಿದ್ದವರು, ಆ ಹೊತ್ತಿಗೆ ಕಾಂಪೌಂಡಿನ ಹತ್ತಿರ ಬಂದಿದ್ದಾರೆ. ಆಯುಧ ಪೂಜೆಯ ದಿನ. ನಾಲ್ಕು ಪ್ಲಗ್ಗು. ಒಂದಕ್ಕೆ ಮಾತ್ರ ಗಂಧ! ಜೀವಮಾನವಿಡೀ ಸುತ್ತಿಗೆಯಿಂದ ಇಕ್ಕಳದವರೆಗೆ ಯಾವುದನ್ನೂ ಬಿಡದೆ ಪೂಜೆ ಮಾಡಿದ ಮನುಷ್ಯನಿಗೆ ಈ ಪಕ್ಷಪಾತ ಸಹಿಸಲಾಗಲಿಲ್ಲ. ಸಾಣೆಕಲ್ಲು ಅಲ್ಲೇ ಇತ್ತು. ಉಳಿದ ಮೂರಕ್ಕೂ ಭಕ್ತಿಯಿಂದ ಹಚ್ಚಿ, ಕೈಮುಗಿದು ಹೋಗಿದ್ದಾರೆ.

ನಾನು ಸ್ನಾನ, ಪೂಜೆ, ಊಟ, ಒಂದು ಸಣ್ಣ ನಿದ್ದೆ ಮುಗಿಸಿ ಬಂದು ನೋಡಿದರೆ ನಾಲ್ಕೂ ಪ್ಲಗ್ಗು ಗಂಧದ ಬಣ್ಣ!

ಯಾವುದಕ್ಕೆ ಮೆತ್ತಿದ್ದೆ ಎಂಬುದೇ ಗೊತ್ತಾಗಲಿಲ್ಲ. ಗೊತ್ತಾಗದಷ್ಟು ಹೋಲಿಕೆ ಇದೆ ಎಂದರೆ ಪರೀಕ್ಷೆ ಗೆದ್ದ ಹಾಗೆ ತಾನೆ! ಬೆಳಿಗ್ಗೆ ಬೆಲ್ಲದ ಬಣ್ಣ ಇದ್ದದ್ದು ಈಗ ಹೇಗೆ ಬದಲಾಯಿತು ಎಂಬ ಪ್ರಶ್ನೆಗೂ ಉತ್ತರ ಸಿಕ್ಕಿತು. ಪಾಪ, ಇಂಜಿನ್ ಒಳಗೆ ಉಸಿರುಕಟ್ಟಿದ್ದವು, ಗಾಳಿ ಬಿಸಿಲು ತಗುಲಿ ಚೇತರಿಸಿಕೊಂಡಿವೆ. ನಾಲ್ಕನ್ನೂ ಹಾಗೆಯೇ ಹಾಕಿ ಬಿಗಿದೆ. ಹದಿನಾಲ್ಕು ವರ್ಷದ ಅನುಭವ ಹೀಗೆ ಸಾರ್ಥಕವಾಯಿತು.

ಸಂದರ್ಶನದ ದಿನ ಕಾರನ್ನು ಎಬ್ಬಿಸಲು ಮುಕ್ಕಾಲು ಗಂಟೆ ಹಿಡಿಯಿತು. ಸಿದ್ದಪ್ಪನವರೇ ಹಿಂದಿನಿಂದ ತಳ್ಳಿದರು. ಹೊರಟಿತು, ಆದರೆ ಕುಂಟುತ್ತಾ, ನಡುಗುತ್ತಾ. ಊರು ದಾಟುವಷ್ಟರಲ್ಲಿ ಸರೋಜಾ ಮೂಗರಳಿಸಿದಳು.

"ಏನ್ರೀ, ಕಾರಲ್ಲಿ ಊದುಬತ್ತಿ ಹಚ್ಚಿದೀರಾ?"

"ಶುಭ ಶಕುನ" ಎಂದೆ.

ಮಾಚೇನಹಳ್ಳಿಯ ಹತ್ತಿರ ಶುಭ ಶಕುನ ಎರಡು ಸಲ ಢಂ ಢಂ ಎಂದು ನಿಂತೇ ಹೋಯಿತು. ಗಂಟೆ ಒಂಬತ್ತು ಮುಕ್ಕಾಲು. ಸರೋಜಾ ಕಾರಿನಿಂದ ಇಳಿದಳು. ಆರು ವರ್ಷ ಕಾದವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ರಸ್ತೆ ಬದಿಯ ಧೂಳಿನಲ್ಲಿ ನಿಂತಿದ್ದಳು. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಅಳು ಬಂದಿತ್ತು.

ಅವಳು ಅಳಲಿಲ್ಲ. "ಒಂದು ಪ್ಲಗ್ಗು ಬಿಚ್ಚಿ" ಎಂದಳು. ಬಿಚ್ಚಿ ಕೊಟ್ಟೆ. ಬಿಸಿ ಇದ್ದದ್ದಕ್ಕೆ ಕರ್ಚೀಫಿನಲ್ಲಿ ಹಿಡಿದು, ಮೂಸಿ, ಹೇರ್‌ಪಿನ್ನಿನಿಂದ ಕೆರೆದಳು.

"ರೀ, ಇದು ಗಂಧದ ಬಣ್ಣ ಅಲ್ಲ. ಗಂಧ!"

"ಹಾಂ?"

"ಈ ಬಿಳಿ ಪಿಂಗಾಣಿ ಇರೋದು ಕರೆಂಟು ಅಡ್ಡದಾರಿ ಹಿಡೀದೆ ಇರಲಿ ಅಂತ. ನೀವು ಅದರ ಮೇಲೆ ಗಂಧ ಮೆತ್ತಿದೀರಿ, ಅದು ಸುಟ್ಟು ಇದ್ದಿಲಾಗಿದೆ. ಇದ್ದಿಲಿನ ಮೇಲೆ ಕರೆಂಟು ಆರಾಮಾಗಿ ಹರಿದು ಹೋಗುತ್ತೆ. ಇನ್ನು ಕಿಡಿ ಎಲ್ಲಿಂದ ಹಾರಬೇಕು?"

ಅಷ್ಟರಲ್ಲಿ "ಶಿಮೊಗ್ಗಾ ಶಿಮೊಗ್ಗಾ" ಎಂದು ಕೂಗುತ್ತಾ ಒಂದು ಬಸ್ಸು ಬಂತು. ಸರೋಜಾ ಕೈ ಅಡ್ಡ ಹಿಡಿದು ಹತ್ತಿಯೇಬಿಟ್ಟಳು. ನನ್ನ ಮಾನ ಅವಳ ಹಿಂದೆ ಬಸ್ಸು ಹತ್ತಿ ಹೋಯಿತು.

ಉಳಿದ ಮೂರು ಪ್ಲಗ್ಗು ಬಿಚ್ಚಿ, ಕೆರೆದು, ಉಜ್ಜಿ ಹಾಕಿದೆ. ನಾಲ್ಕನೆಯದು ಎಲ್ಲಿ? ಬಾನೆಟ್ಟಿನ ಮೇಲೆ ಇಲ್ಲ. ಸೀಟಿನ ಕೆಳಗೆ ಇಲ್ಲ. ಹುಲ್ಲಿನಲ್ಲಿ ಮಂಡಿಯೂರಿ ಹುಡುಕತೊಡಗಿದೆ. ಸೈಕಲ್ಲಿನಲ್ಲಿ ಬರುತ್ತಿದ್ದ ಹಿರಿಯರೊಬ್ಬರು ಇಳಿದರು.

"ಏನ್ ಸ್ವಾಮಿ ಹುಡುಕ್ತಾ ಇದೀರಾ?"

"ಪ್ಲಗ್ಗು."

"ಬಂಗಾರದ್ದಾ?"

"ಅಲ್ಲ. ಮಾಮೂಲಿ ಹಳೇದು."

"ಹಂಗಾದ್ರೆ ಹೊಸದು ಹಾಕ್ಸಿ, ಮಾರಾಯ್ರೇ!" ಎಂದು ಅವರು ಸೈಕಲ್ಲು ಹತ್ತಿದರು. ದಾರಿಹೋಕನಿಗೆ ಅರ್ಧ ನಿಮಿಷದಲ್ಲಿ ಹೊಳೆದದ್ದು ಅದು!

ಕಾರನ್ನು ಅಲ್ಲೇ ಬಿಟ್ಟು ಮುಂದಿನ ಬಸ್ಸಿನಲ್ಲಿ ಶಿವಮೊಗ್ಗ ಸೇರಿದೆ. ಶಾಲೆಯ ಗೇಟಿನ ಹತ್ತಿರ ಮೈಯೆಲ್ಲ ಮಸಿ, ಮಂಡಿಯೆಲ್ಲ ಹುಲ್ಲು ಮಾಡಿಕೊಂಡು ನಿಂತಿದ್ದೆ. ಕಾವಲುಗಾರ ಎರಡು ಸಲ ನನ್ನನ್ನು ಮುಂದೆ ಹೋಗಲು ಹೇಳಿದ. ಒಂದು ಗಂಟೆಗೆ ಸರೋಜಾ ಹೊರಗೆ ಬಂದಳು. ನಗುತ್ತಿದ್ದಳು.

"ತಡವಾಯ್ತಾ?" ಎಂದೆ ಹೆದರುತ್ತಾ.

"ಐದು ನಿಮಿಷ ಮುಂಚೆನೇ ಮುಟ್ಟಿದೆ. ವಿದ್ಯುತ್ ನಿರೋಧಕ ಅಂದ್ರೇನು, ಎಂಟನೇ ಕ್ಲಾಸಿನ ಮಕ್ಕಳಿಗೆ ಅರ್ಥ ಆಗೋ ಹಾಗೆ ಹೇಳಿ ಅಂದ್ರು. ಗಾಬರೀಲಿ ಬೆವರು ಒರೆಸ್ಕೊಳ್ಳೋಕೆ ಬ್ಯಾಗಿಂದ ಕರ್ಚೀಫ್ ತೆಗೆದೆ. ಅದರೊಳಗಿಂದ ಟಣ್ ಅಂತ ಇದು ಮೇಜಿನ ಮೇಲೆ ಬಿತ್ತು!"

ಅವಳ ಕೈಯಲ್ಲಿ ನಾಲ್ಕನೆಯ ಪ್ಲಗ್ಗು ಇತ್ತು!

"ಅದನ್ನೇ ತೋರಿಸಿ ಎಲ್ಲಾ ಹೇಳ್ಬಿಟ್ಟೆ" ಎಂದಳು.

"ಎಲ್ಲಾ ಅಂದ್ರೆ?"

"ಸಾಣೆಕಲ್ಲಿಂದ ಹಿಡಿದು."

ಸಂದರ್ಶನ ಮಾಡುತ್ತಿದ್ದ ಐವರೂ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಹೆಡ್‌ಮಿಸ್ಟ್ರೆಸ್ಸು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರಂತೆ. ಹದಿನೈದು ದಿನದಲ್ಲಿ ಕೆಲಸದ ಪತ್ರ ಬಂತು. ಈ ನೇಮಕಾತಿಯಲ್ಲಿ ನನ್ನ ಕೊಡುಗೆ ಎಷ್ಟು ದೊಡ್ಡದು ಎಂದು ಬಂಧುಬಳಗಕ್ಕೆಲ್ಲ ವಿವರಿಸುತ್ತಾ ನಾನು ಕೆಲವು ತಿಂಗಳು ಸುಖವಾಗಿದ್ದೆ.

ವರ್ಷದ ಕೊನೆಗೆ ಸರೋಜಾ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಮನೆಗೆ ತಂದಳು. ಅವಳು ಅಡುಗೆಮನೆಯಲ್ಲಿದ್ದಾಗ ಪ್ರಶ್ನೆಪತ್ರಿಕೆಯ ಮೇಲೆ ಕಣ್ಣಾಡಿಸಿದೆ. ಹನ್ನೊಂದನೆಯ ಪ್ರಶ್ನೆ: 'ಒಬ್ಬ ಮನುಷ್ಯನು ತನ್ನ ಕಾರಿನ ಸ್ಪಾರ್ಕ್ ಪ್ಲಗ್ಗಿಗೆ ಗಂಧವನ್ನು ಹಚ್ಚಿದನು. ಅವನು ಮಾಡಿದ ತಪ್ಪೇನು? ಎರಡು ಅಂಕ.'

ಒಬ್ಬಳು ಹುಡುಗಿ ನಿರೋಧಕ, ವಾಹಕ, ಇದ್ದಿಲು ಯಾವುದನ್ನೂ ಬರೆದಿರಲಿಲ್ಲ. ದುಂಡಗಿನ ಅಕ್ಷರದಲ್ಲಿ ಒಂದೇ ಸಾಲು ಬರೆದಿದ್ದಳು: 'ಅವನು ಹೆಂಡತಿಯ ಮಾತು ಕೇಳಬೇಕಾಗಿತ್ತು.'

ಸರೋಜಾ ಅದಕ್ಕೆ ಕೆಂಪು ಶಾಯಿಯಲ್ಲಿ ಎರಡಕ್ಕೆ ಎರಡು ಕೊಟ್ಟಿದ್ದಳು. ನಾನು ಆ ಕೆಂಪನ್ನು ಬೆಳಕಿಗೆ ಹಿಡಿದು ನೋಡಿದೆ. ಯಾವ ಮಾದರಿಯ ಪಕ್ಕದಲ್ಲಿಟ್ಟರೂ ಅಪ್ಪಟ ಕೆಂಪು. ಕಟ್ಟನ್ನು ಮೊದಲಿದ್ದ ಹಾಗೆಯೇ ಕಟ್ಟಿ ಇಟ್ಟೆ, ಮರುಮೌಲ್ಯಮಾಪನ ಕೇಳಲಿಲ್ಲ.