ನಾಲ್ಕು ಜನ ಸಾಲದು ಎಂದ ಸಮಿತಿಗೆ

ಸಂಶೋಧನಾ ಅನುದಾನ ಸಮಿತಿಯ ಮಾನ್ಯ ಅಧ್ಯಕ್ಷರೇ,

ಮಾನವಿಕ, ಸಮಾಜ ವಿಜ್ಞಾನ ಎಂಬ ಎರಡು ದೊಡ್ಡ ಹೊರೆಗಳನ್ನು ಬೆಂಗಳೂರಿನಲ್ಲಿ ಕೂತಲ್ಲೇ ಹೊತ್ತಿರುವ ತಮಗೆ, ಶೆಟಗೇರಿಯ ಗಜನಿ ಗದ್ದೆಯ ಕೆಸರಿನಲ್ಲಿ ನಿಂತು ಮಾಡುವ ನಮಸ್ಕಾರಗಳು. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಿಕೊಳ್ಳಿ, ತಮಗೆ ಬೇರೆ ಕೆಲಸವೂ ಇದ್ದಂತಿಲ್ಲ.

ಗಜನಿಯೆಂದರೆ ಭರತದಲ್ಲಿ, ಅಂದರೆ ಸಮುದ್ರ ಉಬ್ಬಿದಾಗ, ಉಪ್ಪುನೀರು ಹತ್ತುವ ಗದ್ದೆ. ಒಡ್ಡು ಒಡೆದ ವರ್ಷ ಬದುಗಳೆಲ್ಲ ಕರಗಿ ಐವತ್ತು ಮನೆಗಳ ಗದ್ದೆ ಒಂದೇ ಕೆಸರಾಗುತ್ತದೆ. ಆಗ ನಾನು, ಕಾಮಿ, ತಿಮ್ಮಿ, ಮಾಸ್ತಿ ಎಂಬ ನಾಲ್ಕು ಮುದಿಜೀವಗಳು, ಒಬ್ಬೊಬ್ಬರು ತಮಗೆ ಗೊತ್ತಿರುವ ದಿಕ್ಕಿಗೆ ಇಳಿದು, ಹಳೇ ಬದುವಿನ ಗಟ್ಟಿಯನ್ನು ಅಂಗಾಲಿನಲ್ಲಿ ಹುಡುಕಿ, ಇದು ಇವನದು, ಅದು ಅವನದು ಎನ್ನುತ್ತೇವೆ. ಎಲ್ಲರೂ ಒಪ್ಪಿ ಬದು ಕಟ್ಟುತ್ತಾರೆ. ಕಾಗದವಿಲ್ಲ, ಕೋರ್ಟಿಲ್ಲ. ನಮ್ಮೂರಿನ ದೀಪಾಲಿ ಎಂಬ ಸಂಶೋಧನಾ ವಿದ್ಯಾರ್ಥಿನಿ, ನಾವು ಹೋಗುವುದರೊಳಗೆ ಇದನ್ನೆಲ್ಲ ಬರೆದಿಡುತ್ತೇನೆಂದು ತಮಗೆ ಅರ್ಜಿ ಹಾಕಿದ್ದಳು.

ತಾವು ಅದನ್ನು ತಿರಸ್ಕರಿಸಿ, ನಾಲ್ಕು ಜನ ಸಾಲದು, ಕನಿಷ್ಠ ನಾಲ್ಕು ನೂರು ಬೇಕು ಎಂದು ಬರೆದದ್ದನ್ನು ಓದಿ ನನಗೆ ತಮ್ಮ ಮೇಲೆ ಭಕ್ತಿಯೇ ಹುಟ್ಟಿತು. ಹಾಗಾದರೆ ಉಳಿದ ಮುನ್ನೂರ ತೊಂಬತ್ತಾರು ಮುದುಕರನ್ನು ತಾವೇ ಮಂಜೂರು ಮಾಡಬೇಕು. ಅವರೆಲ್ಲ ಎಪ್ಪತ್ತು ದಾಟಿದವರೂ, ಅರವತ್ತು ವರ್ಷ ಇದೇ ಕೆಸರಿನಲ್ಲಿ ಕಾಲು ಕೊಳೆಸಿಕೊಂಡವರೂ ಆಗಿರಬೇಕಾದ್ದರಿಂದ, ಅವರು ಇಲ್ಲಿ ಹಿಂದೆಯೇ ಹುಟ್ಟಿದ್ದಾರೆಂದು ಪೂರ್ವಾನ್ವಯವಾಗುವ ಆದೇಶ ಹೊರಡಿಸಿ, ಪ್ರತಿಯನ್ನು ಅವರ ತಾಯಂದಿರಿಗೂ ಕಳಿಸತಕ್ಕದ್ದು. ಹೋಲಿಕೆಗೆ ಬದು ಗೊತ್ತಿಲ್ಲದವರ ಗುಂಪೊಂದು ಬೇಕೆಂದೂ ಹೇಳಿದ್ದೀರಿ. ಅದಕ್ಕೆ ತಮ್ಮ ಸಮಿತಿಯೇ ಸಾಕು. ಇಳಿತದ ಹೊತ್ತಿಗೆ ಪ್ಯಾಂಟು ಮಡಚಿಕೊಂಡು ಬನ್ನಿ.

ಈ ಸಂಶೋಧನೆಯಿಂದ ಯಾವ ಉಪಕರಣ ತಯಾರಾಗುತ್ತದೆ ಎಂಬುದು ತಮ್ಮ ಇನ್ನೊಂದು ಪ್ರಶ್ನೆ. ಉಪಕರಣ ಈಗಾಗಲೇ ತಯಾರಿದೆ, ಅದು ಕಾಮಿಯ ಬಲಗಾಲು. ಪೇಟೆಂಟು ಮಾಡಿಸುವುದಾದರೆ ಮಾಡಿಸಿ. ಆದರೆ ಕಾಲಿನ ಜೊತೆ ಕಾಮಿಯೂ ಬರುತ್ತಾಳೆ, ಬಂದರೆ ಬಯ್ಯದೆ ಹೋಗುವವಳಲ್ಲ. ತಮ್ಮ ಉತ್ತರವನ್ನು ಓದಿ ಹೇಳಿದಾಗ ಅವಳು, "ನಾ ಸತ್ಮೇಲೆ ಬದು ತೋರ್ಸುಕೆ ಎದ್ದು ಬರುದಿಲ್ಲ ಅಂತ ಬರೆಯಾ ಅವ್ರಿಗೆ" ಎಂದಳು. ಬರೆದಿದ್ದೇನೆ. ಅವಳು ಹೇಳಿದ ಉಳಿದದ್ದನ್ನು ಬರೆದರೆ ಅಂಚೆಯವರು ತೆಗೆದುಕೊಳ್ಳುವುದಿಲ್ಲ.

ಇದಾವುದೂ ಆಗದಿದ್ದರೆ, ತಮ್ಮ ಸಂಖ್ಯೆ ಭರ್ತಿಯಾಗುವ ತನಕ ನಾವು ನಾಲ್ವರೂ ಸಾಯದಂತೆ ತಡೆಯಾಜ್ಞೆಯನ್ನಾದರೂ ದಯಪಾಲಿಸಬೇಕು.

ಲೆಕ್ಕಕ್ಕೆ ಸಾಲದ, ಆದರೂ ತಮ್ಮ ವಿಶ್ವಾಸಿ,
ಬೊಮ್ಮಯ್ಯ ಗೌಡ

ತಾ.ಕ.: ಈ ಪತ್ರವನ್ನು ಮಳೆಗಾಲಕ್ಕೆ ಮೊದಲೇ ಕಳಿಸಿದ್ದೆ. ನಿಗದಿತ ನಮೂನೆಯಲ್ಲಿಲ್ಲವೆಂದು ಆರು ತಿಂಗಳ ಮೇಲೆ ವಾಪಸು ಬಂದದ್ದರಿಂದ ಪತ್ರಿಕೆಗೆ ಕೊಡುತ್ತಿದ್ದೇನೆ. ಅಷ್ಟರಲ್ಲಿ ಮಾಸ್ತಿ ತೀರಿಕೊಂಡ, ಒಡ್ಡೂ ಒಡೆಯಿತು. ಅವನ ಕಾಲಿಗೆ ಮಾತ್ರ ಗೊತ್ತಿದ್ದ ಮೂಡು ಮೂಲೆಯ ಬದುವಿಗಾಗಿ, ಅಲ್ಲಿ ಅಕ್ಕಪಕ್ಕ ಗದ್ದೆಯಿರುವ ದೇವಿದಾಸನೂ ಅವನ ತಮ್ಮ ಸಂದೇಶನೂ ಕೋರ್ಟು ಹತ್ತಿದ್ದಾರೆ. ಸಾಕ್ಷಿ ಹೇಳಲು ಈಗಲೇ ಮೂವತ್ತೊಂದು ಜನ ಸಿಕ್ಕಿದ್ದಾರೆ, ಒಬ್ಬನಿಗೂ ಬದು ಗೊತ್ತಿಲ್ಲ. ಹೀಗೇ ನಡೆದರೆ ತಮ್ಮ ನಾಲ್ಕು ನೂರು ಬೇಗ ತುಂಬುತ್ತದೆ.