ಹಿರಿಮಗನ ಬದಲಿಗೆ ನನ್ನನ್ನು ಸರೆಂಡರ್ ಮಾಡಿಸುವ ಕುರಿತು

ಪೀಣ್ಯ, ಸೋಮವಾರ

ಪೀಣ್ಯದ ಮೂರು ಸರ್ಕಲ್ಲುಗಳ ಒಡೆಯರೂ, ಮಚ್ಚು ಹಿಡಿದವರೆಲ್ಲರ ಪಾಲಿನ ಅಣ್ಣನವರೂ, ಜನನ ಪ್ರಮಾಣಪತ್ರದ ಪ್ರಕಾರ ನನ್ನ ತಂದೆಯವರೂ ಆದ ಶ್ರೀ ಪರಮಾನಂದ ಅವರ ಪಾದಗಳಿಗೆ ಕಿರಿಮಗ ಮುರಳಿಯ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಕಳೆದ ಶುಕ್ರವಾರ ತಮ್ಮ ಹಿರಿಯ ಸುಪುತ್ರ ಹರ್ಷವರ್ಧನ್, ರೊಟ್ಟಿ ಗಾಡಿಯ ಭರಮಪ್ಪನವರು "ಅಣ್ಣಾರ, ಕಾರ್ ಒಂಚೂರು ಸರಸ್ರಿ" ಎಂದ ಘೋರ ಅಪರಾಧಕ್ಕಾಗಿ ಅವರ ಭುಜಕ್ಕೆ ಮಚ್ಚು ಬೀಸಿ, ಹದಿನಾಲ್ಕು ಹೊಲಿಗೆ ಹಾಕಿಸಿ, ಈಗ ಆನೇಕಲ್ಲಿನ ತಮ್ಮ ತೋಟದಲ್ಲಿ ಎಳನೀರು ಕುಡಿಯುತ್ತಾ ದಣಿವಾರಿಸಿಕೊಳ್ಳುತ್ತಿರುವುದು ಸರಿಯಷ್ಟೆ. ತಮ್ಮ ವ್ಯವಹಾರದ ಸಂಪ್ರದಾಯದಂತೆ, ಹೊಡೆದವನ ಬದಲಿಗೆ ಇನ್ನೊಬ್ಬ ಹೋಗಿ ಪೊಲೀಸರಿಗೆ ಸರೆಂಡರ್ ಆಗಬೇಕು. ಆ ಇನ್ನೊಬ್ಬ ಈ ಸಲವೂ ನಾನೇ ಎಂದು ನಿನ್ನೆ ತಾವು ಅಪ್ಪಣೆ ಕೊಡಿಸಿದ್ದೀರಿ. "ಹರ್ಷ ಸೂಕ್ಷ್ಮ ಕಣೋ, ಸೊಳ್ಳೆ ಕಚ್ಚಿದ್ರೂ ಅವನಿಗಾಗಲ್ಲ, ನಿನಗೆ ಹೆಂಗೂ ಅಭ್ಯಾಸ ಆಗಿದೆಯಲ್ಲ" ಎಂದಿರಿ. ಆಹಾ, ಎಂಥ ಪಿತೃವಾತ್ಸಲ್ಯ! ಕೇಳಿ ಮೈಯೆಲ್ಲ ಉರಿದುಹೋಯಿತು.

ಹೌದು, ಅಭ್ಯಾಸವಿದೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅಣ್ಣ ಬಾರಿನಲ್ಲಿ ಯಾರದೋ ತಲೆ ಒಡೆದಿದ್ದಕ್ಕೆ ನಾನು ಹನ್ನೊಂದು ತಿಂಗಳು ಒಳಗಿದ್ದು ಬಂದೆ. ಒಂದು ಸಲವೂ ನನ್ನ ಭೇಟಿಗೆ ಪುರುಸೊತ್ತಾಗದ ತಾವು, ಅದೇ ವರ್ಷ ಅಣ್ಣನ ಹುಟ್ಟುಹಬ್ಬಕ್ಕೆ ಕ್ರೇನ್ ತರಿಸಿ ಸೇಬಿನ ಹಾರ ಹಾಕಿಸಿದಿರಿ. ಈ ವರ್ಷದ ಇಪ್ಪತ್ತು ಅಡಿ ಫ್ಲೆಕ್ಸಿನಲ್ಲಂತೂ ತಾವಿದ್ದೀರಿ, 'ಯುವ ನಾಯಕ' ಹರ್ಷವರ್ಧನ್ ಇದ್ದಾನೆ, ತಮ್ಮ ನಾಯಿಯೂ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೂತಿದೆ. ನಾನಿಲ್ಲ. ಕೇಳಿದ್ದಕ್ಕೆ "ಜಾಗ ಸಾಕಾಗ್ಲಿಲ್ಲ ಮಗಾ" ಎಂದಿರಿ. ಜೈಲಿನಲ್ಲಿ ಮಾತ್ರ ನನಗೆ ಜಾಗ ಯಾವಾಗಲೂ ಸಾಕಾಗುತ್ತದೆ.

ಈಗ ನನಗೊಂದು ಲೇತ್ ಕೆಲಸವಿದೆ. ಮುಂದಿನ ತಿಂಗಳು ನನ್ನ ಹೆಂಡತಿ ಸಮೀಕ್ಷಾಳ ಹೆರಿಗೆ. ಮಗುವನ್ನು ಮೊದಲ ದಿನವೇ ಎತ್ತಿಕೊಳ್ಳಬೇಕೆಂಬ ಕ್ಷುಲ್ಲಕ ಆಸೆಯೊಂದು ನನಗಿದೆ. ತಮಗೆ ಇದರ ಅನುಭವ ಕಡಿಮೆ, ಕ್ಷಮಿಸಬೇಕು. ಆದ್ದರಿಂದ, ಹೆರಿಗೆಯನ್ನು ಹನ್ನೊಂದು ತಿಂಗಳು ಮುಂದಕ್ಕೆ ಹಾಕುವಂತೆ ಡಾಕ್ಟರಮ್ಮನಿಗೆ ಧಮಕಿ ಹಾಕಿಸಬೇಕಾಗಿ ವಿನಂತಿ. ಆಗದಿದ್ದರೆ ಜೈಲಿನ ಸೊಳ್ಳೆಗಳನ್ನೆಲ್ಲ ಗಡೀಪಾರು ಮಾಡಿಸಿ ಅಣ್ಣನನ್ನೇ ಕಳಿಸಿಕೊಡಿ. ಅದೂ ಆಗದಿದ್ದರೆ ಅವನ ಮುಖವನ್ನಾದರೂ ನನಗೆ ಹಚ್ಚಿಸಿಕೊಡಿ, ಏಕೆಂದರೆ ಹೊಡೆದವನ ಹೆಸರು ಭರಮಪ್ಪನವರಿಗೆ ಗೊತ್ತಿಲ್ಲದಿದ್ದರೂ ಮುಖ ಚೆನ್ನಾಗಿ ನೆನಪಿದೆಯಂತೆ.

ತಮ್ಮ ಮಾತು ಮೀರುವ ಮಗ ನಾನಲ್ಲ. ನಾಳೆ ಹತ್ತು ಗಂಟೆಗೆ ಸ್ಟೇಷನ್ನಿಗೆ ಹೋಗಿಯೇ ಹೋಗುತ್ತೇನೆ. ಅಲ್ಲಿ ಏನು ಹೇಳಬೇಕೆಂಬುದನ್ನು ದಯವಿಟ್ಟು ನನಗೆ ಬಿಡಿ.

ಜಾಗ ಸಾಲದೆ ಹೊರಗುಳಿದ,
ತಮ್ಮ ವಿಶ್ವಾಸಿ,
ಮುರಳಿ

ತಾ.ಕ.: ಮಂಗಳವಾರ. ಹೋಗಿ ಬಂದೆ. ಹೋಗುವಾಗ ಸರ್ಕಲ್ಲಿನ ಫ್ಲೆಕ್ಸನ್ನು ಬಿಚ್ಚಿ, ಮಡಚಿ, ಹೆಗಲ ಮೇಲೆ ಹೊತ್ತುಕೊಂಡು ಹೋದೆ. ಇನ್‌ಸ್ಪೆಕ್ಟರು ನನ್ನನ್ನು ತೋರಿಸಿದಾಗ, ಗುರುತು ಹಿಡಿಯಲು ಬಂದಿದ್ದ ಭರಮಪ್ಪನವರು "ಇಂವ ಅಲ್ರೀ ಸಾಹೇಬ್ರ" ಎಂದರು. ಅಂಗಳದಲ್ಲಿ ಫ್ಲೆಕ್ಸ್ ಹಾಸಿದೆ. "ಇಂವಾ ನೋಡ್ರಿ, ಇಂವನ!" ಎಂದು ತಮ್ಮ ಯುವ ನಾಯಕನ ಮೂಗಿನ ಮೇಲೆಯೇ ಬೆರಳಿಟ್ಟರು. ಕೆಳಗೆ ಅವನ ಹೆಸರು, ಫೋನ್ ನಂಬರು ಎರಡನ್ನೂ ತಾವೇ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದರಿಂದ ಪೊಲೀಸರಿಗೆ ಬಹಳ ಅನುಕೂಲವಾಯಿತು. ಆನೇಕಲ್ಲಿಗೆ ಜೀಪು ಹೊರಟಿದೆ. ಈ ಪತ್ರವನ್ನು ಫ್ಲೆಕ್ಸಿನ ಖಾಲಿ ಚೌಕಟ್ಟಿಗೆ ಅಂಟಿಸಿದ್ದೇನೆ. ಅಲ್ಲಿ ಈಗ ಬೇಕಾದಷ್ಟು ಜಾಗವಿದೆ, ಅಪ್ಪ.